ನಂಜುಂಡನ ಕೊಳಕ್ಕೆ ನಿಧಾನದ ದಾರಿ

ಸಮುದ್ರ ಮಥನದಲ್ಲಿ ಎದ್ದ ಹಾಲಾಹಲವನ್ನು ಕುಡಿದವನಿಗೆ ನಾವು ನಂಜುಂಡ ಎಂದು ಹೆಸರಿಟ್ಟೆವು. ಕಪಿಲೆಯ ದಂಡೆಯಲ್ಲಿ ಗುಡಿ ಕಟ್ಟಿ, ಊರಿಗೂ ಅದೇ ಹೆಸರು ಕೊಟ್ಟು ಕೂರಿಸಿಕೊಂಡೆವು. ನಂಜು ಕುಡಿದ ಮೇಲೆ ಗಂಟಲ ಉರಿ ಹೇಗೆ ಆರಿತು ಎಂದು ಕೇಳಿದರೆ ನೇಪಾಳದವರು ಕಥೆಯ ಜೊತೆಗೆ ಜಾಗವನ್ನೂ ತೋರಿಸುತ್ತಾರೆ. ಉರಿ ತಾಳಲಾರದೆ ಶಿವ ಹಿಮಾಲಯಕ್ಕೆ ಓಡಿದನಂತೆ, ಬಂಡೆಗೆ ತ್ರಿಶೂಲದಿಂದ ತಿವಿದನಂತೆ, ಮೂರು ಧಾರೆ ಚಿಮ್ಮಿ ಕೊಳವಾಯಿತಂತೆ, ಆ ನೀರಿನಲ್ಲಿ ಮಲಗಿ ತಣ್ಣಗಾದನಂತೆ. ಆ ಕೊಳವೇ ಗೋಸಾಯಿಕುಂಡ. ಕಾಠ್ಮಂಡುವಿನ ಉತ್ತರಕ್ಕೆ, ರಸುವಾ ಜಿಲ್ಲೆಯ ಲಾಂಗ್‌ಟಾಂಗ್ ರಾಷ್ಟ್ರೀಯ ಉದ್ಯಾನದೊಳಗೆ, 4,380 ಮೀಟರ್ ಎತ್ತರದಲ್ಲಿದೆ. ಅದರ ನೀರು ಹೋಗಿ ಸೇರುವ ನದಿಯ ಹೆಸರು ತ್ರಿಶೂಲಿ.

ಕಾಠ್ಮಂಡುವಿನಿಂದ ಧುಂಚೆ ಎಂಬ ಊರಿನವರೆಗೆ ಬಸ್ಸೋ ಜೀಪೋ ಸಿಗುತ್ತದೆ. ಅಲ್ಲಿಂದ ಗಟ್ಟಿ ಕಾಲಿನವರು ಎರಡೇ ದಿನದಲ್ಲಿ ನಡೆದು ಕೊಳ ಮುಟ್ಟಬಹುದು. ಮುಟ್ಟುವವರೂ ಇದ್ದಾರೆ. ಮುಟ್ಟಬಾರದು ಎಂದು ಹೇಳುವುದಕ್ಕೇ ಈ ಲೇಖನದ ಮುಕ್ಕಾಲು ಪಾಲು ಮೀಸಲು.

ಎತ್ತರದ ಲೆಕ್ಕ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಚಾರಣ ಶುರುವಾಗುವ ಧುಂಚೆ ಊರೇ ಹೆಚ್ಚೂಕಡಿಮೆ ಅಷ್ಟು ಎತ್ತರದಲ್ಲಿದೆ. ಅಂದರೆ ನಮ್ಮ ಬೆಟ್ಟಗಳು ಮುಗಿಯುವಲ್ಲಿ ಅವರದು ಶುರು. ಅಲ್ಲಿಂದ ಕೊಳಕ್ಕೆ ಇನ್ನೂ 2,400 ಮೀಟರ್ ಏರಬೇಕು. ಕೊಳದ ದಂಡೆಯಲ್ಲಿ ನಿಂತಾಗ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು ಶೇಕಡ 60 ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗಿರುವುದಿಲ್ಲ. ಗಾಳಿಯ ಒತ್ತಡವೇ ಕುಗ್ಗಿ ಗಾಳಿ ತೆಳುವಾಗಿರುತ್ತದೆ.

ದೇಹಕ್ಕೆ ಇದನ್ನು ನಿಭಾಯಿಸುವ ಉಪಾಯ ಗೊತ್ತಿದೆ. ಉಸಿರಾಟ ಹೆಚ್ಚಿಸುತ್ತದೆ, ಮೂತ್ರದ ಮೂಲಕ ರಕ್ತದ ಕ್ಷಾರವನ್ನು ಹೊರಹಾಕುತ್ತದೆ, ನಿಧಾನಕ್ಕೆ ಹೊಸ ಲೆಕ್ಕಕ್ಕೆ ಒಗ್ಗುತ್ತದೆ. ಆದರೆ ಅದಕ್ಕೆ ದಿನಗಳು ಬೇಕು. ವ್ಯಾಯಾಮದಿಂದ ಆ ದಿನಗಳನ್ನು ಕಡಿಮೆ ಮಾಡಲಾಗದು. ಜಿಮ್‌ನಲ್ಲಿ ಬೆಳೆಸಿದ ಎದೆ, ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ಮಂಡಿ, ಮ್ಯಾರಥಾನ್ ಪದಕ, ಯಾವುದೂ ಇಲ್ಲಿ ಜಾಮೀನು ಕೊಡುವುದಿಲ್ಲ. ಗಟ್ಟಿಮುಟ್ಟಾದವರೇ ಬೇಗ ಹತ್ತಿ ಬೇಗ ಮಲಗುವುದನ್ನು ಬೆಟ್ಟದ ಲಾಡ್ಜ್‌ಗಳಲ್ಲಿ ಎಷ್ಟು ಬೇಕಾದರೂ ನೋಡಬಹುದು. ಮೊಣಕಾಲು ನೋವೆಂದು ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಅರವತ್ತರ ಅಜ್ಜಿ ಮರುದಿನ ಅವರನ್ನು ದಾಟಿ ಹೋಗುತ್ತಾಳೆ.

ಗೋಸಾಯಿಕುಂಡಕ್ಕೂ ಎತ್ತರದ ಕಾಯಿಲೆಗೂ ವೈದ್ಯಶಾಸ್ತ್ರದಲ್ಲಿ ಹಳೆಯ ನಂಟಿದೆ. ನೇಪಾಳದ ವೈದ್ಯ ಬುದ್ಧ ಬಸ್ನ್ಯಾತ್ ಮತ್ತು ಸಂಗಡಿಗರು ಹಬ್ಬಕ್ಕೆ ಬಂದ ಯಾತ್ರಿಕರನ್ನೇ ಇಲ್ಲಿ ಪರೀಕ್ಷಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಯಲ್ಲಿ ಎತ್ತರದ ಕಾಯಿಲೆಯ ಲಕ್ಷಣಗಳಿದ್ದವು. ಹೆಜ್ಜೆ ತಪ್ಪಿ ತೂರಾಡುತ್ತಿದ್ದವರೂ, ತಾವೆಲ್ಲಿದ್ದೇವೆ ಎಂಬುದೇ ತಿಳಿಯದವರೂ ಕಡಿಮೆ ಇರಲಿಲ್ಲ. ಇವರು ಯಾರೂ ಸಾಹಸಕ್ಕೆ ಬಂದವರಲ್ಲ. ರಜೆ ಕಡಿಮೆ, ಭಕ್ತಿ ಹೆಚ್ಚು. ಎರಡು ದಿನದಲ್ಲಿ ಹತ್ತಿಬಂದಿದ್ದರು. ಈಗ ಹಬ್ಬದ ಸಮಯದಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಕೊಳದ ಬಳಿ ಆರೋಗ್ಯ ಶಿಬಿರ ನಡೆಸುತ್ತದೆ.

ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ. ತಲೆನೋವು, ಅದರ ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಸುಸ್ತು ಇವುಗಳಲ್ಲಿ ಒಂದು ಬಂದರೂ ಮೊದಲ ಹಂತ ಎಂದುಕೊಳ್ಳಿ. ಆಗ ಅದೇ ಎತ್ತರದಲ್ಲಿ ಉಳಿಯಬೇಕು, ಇನ್ನೂ ಮೇಲಕ್ಕೆ ಹೋಗಕೂಡದು. ಉಳಿದರೂ ಕಡಿಮೆಯಾಗದಿದ್ದರೆ ಇಳಿಯಬೇಕು. ಎರಡನೇ ಹಂತ ಮಿದುಳಿನದು. ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಲು ಹೇಳಿ. ತೂರಾಡಿದರೆ, ಮಾತು ಅಸಂಬದ್ಧವಾದರೆ, ರಾತ್ರಿಯಾಗಿದ್ದರೂ ಆ ಕ್ಷಣವೇ ಕೆಳಗಿಳಿಸಬೇಕು. ಇನ್ನೊಂದು ಬಗೆ ಶ್ವಾಸಕೋಶದ್ದು. ಸುಮ್ಮನೆ ಕೂತಿದ್ದರೂ ಏದುಸಿರು, ನಿಲ್ಲದ ಕೆಮ್ಮು, ಕೆಲವೊಮ್ಮೆ ಕೆಂಪಾದ ನೊರೆ ಕಫ. ಇದಕ್ಕೂ ಮದ್ದು ಒಂದೇ, ಇಳಿಯುವುದು. ಐನೂರು, ಸಾವಿರ ಮೀಟರ್ ಇಳಿದರೆ ಸಾಯುವಂತಿದ್ದವರು ಎದ್ದು ಕೂತ ಉದಾಹರಣೆಗಳಿವೆ. ಬೆಳಗಾಗಲಿ ಎಂದು ಕಾದು ಕಳೆದುಕೊಂಡವರ ಉದಾಹರಣೆಗಳೂ ಇವೆ.

ಡಯಾಮಾಕ್ಸ್ ಎಂಬ ಹೆಸರಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳುವ ಕೆಲಸವನ್ನು ಚುರುಕು ಮಾಡುತ್ತದೆ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಹೇಳುತ್ತಾರೆ. ಸಲ್ಫಾ ಔಷಧಿ ಆಗದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ. ಮಾತ್ರೆ ತಗೊಂಡಿದ್ದೇನೆ ಎಂದು ಒಂದು ದಿನ ಉಳಿಸಲು ಹೊರಟರೆ ಅದರ ಉಪಯೋಗವೆಲ್ಲ ಅಲ್ಲಿಗೇ ಮುಗಿಯಿತು. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ಮೇಲಿನ ಹಳ್ಳಿಗಳಲ್ಲಿ ಪ್ರೀತಿಯಿಂದ ಕೊಡುವ ಛ್ಯಾಂಗ್ ಎಂಬ ಮದ್ಯವನ್ನು ಇಳಿಯುವಾಗ ಕುಡಿಯುತ್ತೇನೆ ಎಂದು ಕೈ ಮುಗಿದು ಮುಂದೆ ಹೋಗಿ.

ದಿನ ಹಂಚುವ ಕೆಲಸ

ಬೆಟ್ಟದ ಸಾಮಾನ್ಯ ಸೂತ್ರ ಇಷ್ಟು. 3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದು, ಮತ್ತು ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ತಂಗಬೇಕು. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ.

ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಯೋಜನೆಗಳು ಧುಂಚೆಯಿಂದ ನೇರ ಚಂದನ್‌ಬಾರಿಗೆ ಹತ್ತಿಸುತ್ತವೆ. ಒಂದೇ ದಿನದಲ್ಲಿ ಸುಮಾರು 1,300 ಮೀಟರ್ ಕಡಿದಾದ ಏರು. ಹತ್ತುವುದು ಅಸಾಧ್ಯವೇನಲ್ಲ, ಆದರೆ ಮೊದಲ ದಿನವೇ ದೇಹವನ್ನು ಸಾಲಕ್ಕೆ ತಳ್ಳಿದಂತಾಗುತ್ತದೆ. ನನ್ನ ಮತ ಬಳಸುದಾರಿಯ ಕಡೆಗೆ. ಮೊದಲ ದಿನ ಕಾಠ್ಮಂಡುವಿನಿಂದ ಧುಂಚೆ. ರಸ್ತೆ ತ್ರಿಶೂಲಿ ಪೇಟೆಯವರೆಗೆ ಒಂದು ಹದದಲ್ಲಿದ್ದು, ಮುಂದೆ ರಾಮ್ಚೆಯ ಕುಸಿಯುವ ಗುಡ್ಡಗಳ ಅಂಚಿನಲ್ಲಿ ಕುಲುಕುತ್ತದೆ. ನೂರಿಪ್ಪತ್ತು ಕಿಲೋಮೀಟರ್ ಒಳಗಿನ ದೂರಕ್ಕೆ ಬಸ್ಸಿನಲ್ಲಿ ಏಳೆಂಟು ತಾಸು. ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ, ಎತ್ತರದ ವಾಕರಿಕೆಯೇ ಎಂದು ಮೊದಲ ದಿನವೇ ಹೆದರುವುದು ತಪ್ಪುತ್ತದೆ.

ಎರಡನೇ ದಿನ ಠುಲೋ ಸ್ಯಾಬ್ರು, ಸುಮಾರು 2,200 ಮೀಟರ್. ದಿಣ್ಣೆಯೊಂದರ ಬೆನ್ನಿನ ಮೇಲೆ ಸಾಲಾಗಿ ಕೂತ ತಾಮಾಂಗ್ ಜನರ ಊರು. 2015ರ ಏಪ್ರಿಲ್ 25ರ ಭೂಕಂಪ ಈ ಇಡೀ ಜಿಲ್ಲೆಯನ್ನು ಅಲ್ಲಾಡಿಸಿತು. ಪಕ್ಕದ ಕಣಿವೆಯ ಲಾಂಗ್‌ಟಾಂಗ್ ಹಳ್ಳಿ ಹಿಮ ಮತ್ತು ಕಲ್ಲಿನಡಿ ಹೂತುಹೋಯಿತು. ಈಗ ಕಾಣುವ ತಗಡಿನ ಮಾಡುಗಳಲ್ಲಿ ಬಹಳಷ್ಟು ಆಮೇಲೆ ಬಂದವು. ಮೂರನೇ ದಿನ ಓಕ್, ಫರ್, ಗುರಾಂಸ್ ಎಂಬ ರೋಡೋಡೆಂಡ್ರಾನ್ ಮರಗಳ ಕಾಡಿನೊಳಗೆ ಏರುತ್ತಾ ಚಂದನ್‌ಬಾರಿ. ಇದಕ್ಕೇ ಸಿಂಗ್ ಗೊಂಪಾ ಎಂಬ ಇನ್ನೊಂದು ಹೆಸರು. 3,300 ಮೀಟರ್ ಆಸುಪಾಸು. ಕೆಂಪು ಪಾಂಡಾ ಇರುವ ಕಾಡು ಇದೇ, ಕಂಡರೆ ನಿಮ್ಮ ಪುಣ್ಯ. ಇಲ್ಲಿ ಗಿಣ್ಣಿನ ಕಾರ್ಖಾನೆಯೊಂದಿದೆ, ನಮ್ಮ ಹಾಲಿನ ಗಿಣ್ಣಲ್ಲ, ಚೀಸ್. ನಾಲ್ಕನೇ ದಿನ ಚಂದನ್‌ಬಾರಿಯಲ್ಲೇ ಉಳಿಯಿರಿ. ಬೆಳಗ್ಗೆ ಇನ್ನೂರು ಮುನ್ನೂರು ಮೀಟರ್ ಮೇಲೆ ಚೋಲಾಂಗ್‌ಪಾಟಿಯವರೆಗೆ ನಡೆದು, ಚಹಾ ಕುಡಿದು, ಮಧ್ಯಾಹ್ನಕ್ಕೆ ವಾಪಸ್ ಬಂದು ಮಲಗಿ. ದುಡ್ಡು ಕೊಟ್ಟು ಬಂದು ಸುಮ್ಮನೆ ಕೂರುವುದೇ ಎಂದು ತಂಡದಲ್ಲಿ ಒಬ್ಬರಾದರೂ ಗೊಣಗುತ್ತಾರೆ. ಇಡೀ ಚಾರಣದಲ್ಲಿ ಅತಿ ಹೆಚ್ಚು ಲಾಭ ಕೊಡುವ ದಿನ ಇದೇ ಎಂದು ಅವರಿಗೆ ಆರನೇ ದಿನ ತಿಳಿಯುತ್ತದೆ.

ಐದನೇ ದಿನ ಮರಗಳು ಹಿಂದುಳಿಯುತ್ತವೆ. ಲೌರಿಬಿನಾ, 3,910 ಮೀಟರ್. ಸೂತ್ರದ 500 ಮೀಟರಿಗಿಂತ ಏರು ಸ್ವಲ್ಪ ಹೆಚ್ಚು, ಹಿಂದಿನ ದಿನ ಚಂದನ್‌ಬಾರಿಯಲ್ಲೇ ಉಳಿದದ್ದು ಇದಕ್ಕಾಗಿಯೇ. ಹುಲ್ಲುದಿಬ್ಬದ ಮೇಲೆ ಕೆಲವೇ ಲಾಡ್ಜುಗಳು, ಬುದ್ಧನ ಮೂರ್ತಿ, ಪಟಪಟಿಸುವ ಮಂತ್ರಧ್ವಜಗಳು. ಬೆಳಗಿನ ಜಾವ ಇಲ್ಲಿಂದ ಕಾಣುವುದನ್ನು ಕೊಳದ ದಂಡೆಯಿಂದ ಕಾಣಲಾಗದು. ಕೊಳ ಬೆಟ್ಟಗಳ ಮಡಿಲಲ್ಲಿದ್ದರೆ ಇದು ಭುಜದ ಮೇಲಿದೆ. ಲಾಂಗ್‌ಟಾಂಗ್ ಲಿರುಂಗ್, ಗಣೇಶ ಹಿಮಾಲ, ಆಚೆ 8,163 ಮೀಟರಿನ ಮನಾಸ್ಲು, ದಿಗಂತ ತಿಳಿಯಾಗಿದ್ದರೆ ಅನ್ನಪೂರ್ಣದವರೆಗೂ ಸಾಲು. ಆರು ಗಂಟೆಗೆ ಎದ್ದು ಹೊರಗೆ ಬಾರದವರು ಈ ಚಾರಣದ ಅರ್ಧ ಫಲವನ್ನು ಹೊದಿಕೆಯೊಳಗೇ ಬಿಟ್ಟುಬಂದಂತೆ.

ಆರನೇ ದಿನ ಮೂರು ತಾಸಿನ ನಡಿಗೆ, ಅಷ್ಟೇ. ದಿಬ್ಬ ಹತ್ತಿದ ಮೇಲೆ ಬೆಟ್ಟದ ಪಕ್ಕೆಗೆ ಕೊರೆದ ಕಿರಿದಾದ ದಾರಿ. ಒಂದು ಬದಿ ಗೋಡೆಯಂಥ ಇಳಿಜಾರು, ಇನ್ನೊಂದು ಬದಿ ಆಳ. ಕಬ್ಬಿಣದ ಕಂಬಿ ಇರುವಲ್ಲಿ ಹಿಡಿದುಕೊಳ್ಳಿ, ಇಲ್ಲದಲ್ಲಿ ಬೆಟ್ಟದ ಕಡೆಗೇ ನಡೆಯಿರಿ. ಸರಕು ಹೊತ್ತ ಹೇಸರಗತ್ತೆ ಬಂದರೂ ಬೆಟ್ಟದ ಬದಿಗೇ ಒತ್ತಿ ನಿಲ್ಲಬೇಕು, ಕಣಿವೆಯ ಬದಿಗಲ್ಲ. ನೆರಳಿನ ತಿರುವುಗಳಲ್ಲಿ ಬೆಳಗ್ಗೆ ನೀರು ಹೆಪ್ಪುಗಟ್ಟಿ ಗಾಜಿನಂತಿರುತ್ತದೆ, ಆದ್ದರಿಂದ ಬಿಸಿಲೇರಿದ ಮೇಲೆ ಹೊರಡುವುದು ಜಾಣತನ. ಮೊದಲು ಕೆಳಗೆ ಸರಸ್ವತಿ ಕುಂಡ, ಆಮೇಲೆ ಭೈರವ ಕುಂಡ, ಕೊನೆಯ ತಿರುವಿನ ಆಚೆ ಗೋಸಾಯಿಕುಂಡ.

ಗೈಡ್ ಏಕೆ, ಎಂಥವರು

2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರು ಪರವಾನಗಿ ಇರುವ ಗೈಡ್ ಜೊತೆಗೇ ಹೋಗಬೇಕೆಂದು ನೇಪಾಳ ಪ್ರವಾಸೋದ್ಯಮ ಮಂಡಳಿ ನಿಯಮ ತಂದಿದೆ. ನಿಯಮ ಇರದಿದ್ದರೂ ನಾನು ಗೈಡ್ ಬೇಕೆಂದೇ ಹೇಳುತ್ತಿದ್ದೆ, ಆದರೆ ಬೇರೆ ಕಾರಣಕ್ಕೆ. ಧುಂಚೆಯಿಂದ ಕೊಳದವರೆಗೆ ದಾರಿ ತಪ್ಪುವ ಭಯ ಅಷ್ಟಿಲ್ಲ. ಗೈಡ್‌ಗೆ ದುಡ್ಡು ಕೊಡುವುದು ಅವರ ಬಾಯಿಂದ ದಿನಕ್ಕೆ ನೂರು ಸಲ ಹೊರಡುವ ಒಂದು ಮಾತಿಗಾಗಿ: ಬಿಸ್ತಾರೈ. ನಿಧಾನ. ನಮ್ಮ ಗೆಳೆಯರು ಅದೇ ಮಾತು ಹೇಳಿದರೆ ಕೇಳುವುದಿಲ್ಲ. ಸಂಜೆ ನಿಮ್ಮ ತಟ್ಟೆಯಲ್ಲಿ ಉಳಿದ ಅನ್ನ ನೋಡಿ, ತಲೆ ನೋಯುತ್ತಿದೆಯೇ ಎಂದು ಕೇಳುವವರು ಬೇಕು. ತಲೆನೋವನ್ನು ಮುಚ್ಚಿಡುವ ಚಟ ನಮ್ಮಲ್ಲಿದೆ. ಇಷ್ಟು ದೂರ ಬಂದು ದರ್ಶನವಾಗದೆ ಹೋಗುವುದೇ ಎಂಬ ಸಂಕಟ ಅದರ ಹಿಂದಿರುತ್ತದೆ. ಗೈಡ್ ಹತ್ತಿರ ಮುಚ್ಚಿಟ್ಟರೆ ಕೊಟ್ಟ ದುಡ್ಡು ದಂಡ.

ಕೊಳ ದಾಟಿ ಆಚೆಗೆ, ಅಂದರೆ 4,610 ಮೀಟರಿನ ಲೌರಿಬಿನಾ ಕಣಿವೆದಾರಿ ಹತ್ತಿ ಹೇಲಂಬು ಕಡೆಗೆ ಇಳಿಯುವವರಿಗೆ ಮಾತ್ರ ದಾರಿ ಬಲ್ಲವರು ಬೇಕೇ ಬೇಕು. 1991ರ ಡಿಸೆಂಬರ್‌ನಲ್ಲಿ ಜೇಮ್ಸ್ ಸ್ಕಾಟ್ ಎಂಬ ಆಸ್ಟ್ರೇಲಿಯಾದ ವೈದ್ಯಕೀಯ ವಿದ್ಯಾರ್ಥಿ ಆ ಬದಿಯಲ್ಲಿ ಹಿಮ ಸುರಿಯುವಾಗ ಹಿಂದಿರುಗಲು ಹೋಗಿ ದಾರಿ ತಪ್ಪಿದರು. ಒಂದೆರಡು ಚಾಕೊಲೇಟ್ ಬಿಟ್ಟರೆ ಬೇರೆ ಆಹಾರವಿರಲಿಲ್ಲ. ಬಂಡೆಯಡಿ ಹಿಮ ತಿನ್ನುತ್ತಾ 43 ದಿನ ಕಳೆದು, ಹೆಲಿಕಾಪ್ಟರ್ ಕಣ್ಣಿಗೆ ಬಿದ್ದು ಬದುಕಿದರು. ಅಷ್ಟು ಅದೃಷ್ಟ ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ.

ಗೈಡ್ ಗೊತ್ತುಮಾಡುವಾಗ ಪರವಾನಗಿ ನೋಡಿ. ರಸುವಾ ಅಥವಾ ಹೇಲಂಬು ಕಡೆಯ ತಾಮಾಂಗ್ ಗೈಡ್ ಸಿಕ್ಕರೆ ಒಳ್ಳೆಯದು, ಲಾಡ್ಜಿನ ದೀದಿಯರೆಲ್ಲ ನೆಂಟರಿಷ್ಟರೇ ಆಗಿರುತ್ತಾರೆ, ನೂಕುನುಗ್ಗಲಿದ್ದಾಗಲೂ ಒಂದು ಕೋಣೆ ಸಿಗುತ್ತದೆ. ಹಿಂದಿ ಬಹುಪಾಲು ಗೈಡುಗಳಿಗೆ ಬರುವುದರಿಂದ ಭಾಷೆಯ ತೊಂದರೆ ಇಲ್ಲ. ದಿನಗೂಲಿಯಲ್ಲಿ ಅವರ ಊಟ, ವಸತಿ, ವಿಮೆ ಸೇರಿದೆಯೇ ಎಂದು ಮೊದಲೇ ಕೇಳಿ. ಏಜೆನ್ಸಿಯೊಂದಿಗೆ ಮಾತಾಡುವಾಗ ಒಂದೇ ಪ್ರಶ್ನೆಯಿಂದ ಅವರನ್ನು ಅಳೆಯಬಹುದು: ಚಂದನ್‌ಬಾರಿಯಲ್ಲಿ ಇನ್ನೊಂದು ರಾತ್ರಿ ಸೇರಿಸಬಹುದೇ? ಖಂಡಿತ, ಸೇರಿಸಲೇಬೇಕು ಎಂದವರು ಸರಿ. ಅದೆಲ್ಲ ಬೇಡ ಸರ್, ನಮ್ಮ ತಂಡದಲ್ಲಿ ಯಾರಿಗೂ ಏನೂ ಆಗಿಲ್ಲ ಎಂದವರನ್ನು ಬಿಟ್ಟುಬಿಡಿ.

ಸಾಮಾನು ಹೊರಲು ಪೋರ್ಟರ್ ಗೊತ್ತುಮಾಡುವುದಾದರೆ ಇಬ್ಬರು ಚಾರಣಿಗರಿಗೆ ಒಬ್ಬರು, ಹೊರೆ ಇಪ್ಪತ್ತು ಕಿಲೋ ಸುತ್ತ ನಿಲ್ಲಲಿ. ನಾಮ್ಲೊ ಎಂಬ ಪಟ್ಟಿಯನ್ನು ಹಣೆಗೆ ಕೊಟ್ಟು ಅವರು ಹೊರುತ್ತಾರೆ, ನಿಮ್ಮ ಹೆಚ್ಚುವರಿ ಜೀನ್ಸ್ ಪ್ಯಾಂಟಿನ ತೂಕ ಹೋಗಿ ಕೂರುವುದು ಆ ಕತ್ತಿನ ಮೇಲೆ. ಅವರಿಗೂ ಬೆಚ್ಚನೆ ಜಾಕೆಟ್, ಬೂಟು ಇದೆಯೇ ನೋಡಿಕೊಳ್ಳಿ. ಎತ್ತರದ ಕಾಯಿಲೆ ಅವರಿಗೂ ಬರುತ್ತದೆ.

ಕಾಗದಪತ್ರ, ದುಡ್ಡು

ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ವಯಸ್ಕರಿಗೆ ಆಧಾರ್ ಕಾರ್ಡ್ ಸಾಲದು, ವಿಮಾನ ನಿಲ್ದಾಣದಲ್ಲಿ ಈ ಕಾರಣಕ್ಕೇ ಹಿಂದಿರುಗಿದವರಿದ್ದಾರೆ. ದೆಹಲಿ ಮೂಲಕ ವಿಮಾನದಲ್ಲಿ ಹೋಗುವುದು ಸುಲಭ. ಸಮಯವಿದ್ದವರು ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು ಹಿಡಿದು, ಸುನೌಲಿ ಗಡಿ ದಾಟಿ ಬಸ್ಸಿನಲ್ಲಿ ಕಾಠ್ಮಂಡು ಸೇರಬಹುದು. ಬೆನ್ನು ಗಟ್ಟಿಯಿರಬೇಕು.

ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಸಾರ್ಕ್ ದೇಶದವರಿಗೆ 1,500 ನೇಪಾಳಿ ರೂಪಾಯಿ. ಟಿಮ್ಸ್ ಎಂಬ ಚಾರಣಿಗರ ಚೀಟಿಗೆ 1,000. ಎರಡನ್ನೂ ಏಜೆನ್ಸಿಯವರೇ ಮಾಡಿಸುತ್ತಾರೆ, ಹೊರಡುವ ಮುನ್ನ ದರ ಖಚಿತಪಡಿಸಿಕೊಳ್ಳಿ. ಧುಂಚೆ ದಾರಿಯಲ್ಲಿ ಸೈನಿಕರು ಚೀಲ ಬಿಚ್ಚಿ ನೋಡುತ್ತಾರೆ. ಡ್ರೋನ್‌ಗೆ ಪ್ರತ್ಯೇಕ ಅನುಮತಿ ಬೇಕು, ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟುಬನ್ನಿ. ಹೇಲಂಬು ಮೂಲಕ ಸುಂದರಿಜಲ್‌ಗೆ ಇಳಿಯುವವರು ಶಿವಪುರಿ ಉದ್ಯಾನದ ಚೀಟಿಯನ್ನೂ ಪಡೆಯಬೇಕು. ನಮ್ಮ 100 ರೂಪಾಯಿಗೆ ಅವರ 160, ಈ ಲೆಕ್ಕ 1993ರಿಂದ ಬದಲಾಗಿಲ್ಲ. ಧುಂಚೆಯ ಮೇಲೆ ಎಟಿಎಂ ನೆಚ್ಚಬೇಡಿ. ಚಿಲ್ಲರೆ ನೋಟುಗಳ ಕಟ್ಟು ಜೇಬಿನಲ್ಲಿರಲಿ, ಏಕೆಂದರೆ ಮೇಲೆ ಹೋದಂತೆ ಬಿಸಿನೀರು, ಫೋನ್ ಚಾರ್ಜು, ಸ್ನಾನ ಎಲ್ಲಕ್ಕೂ ಬೇರೆ ಬೇರೆ ಬೆಲೆ. ಹೇಸರಗತ್ತೆಯ ಮೇಲೋ ಮನುಷ್ಯನ ಬೆನ್ನ ಮೇಲೋ ಬಂದ ಗ್ಯಾಸ್ ಸಿಲಿಂಡರ್ ನೆನಪಿಸಿಕೊಂಡರೆ ಚೌಕಾಶಿ ಮಾಡಲು ಮನಸ್ಸು ಬಾರದು.

ಹೆಲಿಕಾಪ್ಟರ್ ರಕ್ಷಣೆ ಒಳಗೊಂಡ, 5,000 ಮೀಟರ್‌ವರೆಗಿನ ಚಾರಣಕ್ಕೆ ಅನ್ವಯಿಸುವ ವಿಮೆ ಮಾಡಿಸಿ. ಸಾಮಾನ್ಯ ಪ್ರವಾಸ ವಿಮೆಗಳು ಎತ್ತರದ ಮಿತಿಯನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಸಣ್ಣ ತಲೆನೋವಿಗೂ ಹೆಲಿಕಾಪ್ಟರ್ ಕರೆಸಿ ವಿಮೆ ದುಡ್ಡು ಹೊಡೆಯುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ಕಾಲಿನಲ್ಲಿ ಇಳಿಯಲು ಆಗುವಾಗ ಹೆಲಿಕಾಪ್ಟರ್ ಎಂದರೆ, ಯಾರು ಹೇಳುತ್ತಿದ್ದಾರೆ, ಏಕೆ ಎಂದು ಒಮ್ಮೆ ಯೋಚಿಸಿ.

ಯಾವಾಗ

ನಮ್ಮ ನೂಲ ಹುಣ್ಣಿಮೆಯೇ ನೇಪಾಳದ ಜನೈ ಪೂರ್ಣಿಮೆ. ಜನೈ ಎಂದರೆ ಜನಿವಾರ. ಶ್ರಾವಣದ ಆ ದಿನ ಕೊಳದ ದಂಡೆ ಸಾವಿರಾರು ಜನರಿಂದ ತುಂಬುತ್ತದೆ. ಜನಿವಾರ ಬದಲಿಸುವವರು ಒಂದು ಕಡೆ, ಢ್ಯಾಂಗ್ರೊ ಎಂಬ ಹಿಡಿಯುಳ್ಳ ಚರ್ಮವಾದ್ಯ ಬಾರಿಸುತ್ತಾ ಕುಣಿಯುವ ತಾಮಾಂಗ್ ಝಾಂಕ್ರಿಗಳು ಇನ್ನೊಂದು ಕಡೆ. ನಮ್ಮ ಕಡೆಯ ಮೈಮೇಲೆ ದೇವರು ಬರುವ ಪಾತ್ರಿಗಳನ್ನು ನೋಡಿದವರಿಗೆ ಝಾಂಕ್ರಿ ಏನು ಎಂದು ವಿವರಿಸಬೇಕಿಲ್ಲ. ಜ್ಯೇಷ್ಠದ ದಶಹರಾಕ್ಕೂ ಜಾತ್ರೆ ಸೇರುತ್ತದೆ.

ಇಷ್ಟೆಲ್ಲ ಇದ್ದರೂ ಮೊದಲ ಸಲ ಹೋಗುವವರಿಗೆ ಹಬ್ಬದ ಹೊತ್ತು ಬೇಡ ಎನ್ನುತ್ತೇನೆ. ಅದು ನಡುಮಳೆಗಾಲ. ರಸ್ತೆ ಕುಸಿಯುತ್ತದೆ, ಕೆಳಗಿನ ಕಾಡಿನಲ್ಲಿ ಮಲೆನಾಡಿನವರನ್ನೂ ಸುಸ್ತು ಮಾಡುವಷ್ಟು ಉಂಬಳ, ಮೇಲೆ ಮೋಡದ ಗೋಡೆ, ಲಾಡ್ಜಿನಲ್ಲಿ ಮಲಗಲು ಜಾಗವಿರುವುದಿಲ್ಲ. ಜನರ ಓಟಕ್ಕೆ ಸಿಕ್ಕಿ ನೀವೂ ಓಡುತ್ತೀರಿ. ಅಕ್ಟೋಬರ್ ಮತ್ತು ನವೆಂಬರ್ ಆಕಾಶ ತೊಳೆದಂತಿರುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ಚಳಿ. ಮಾರ್ಚ್ ಕೊನೆಯಿಂದ ಮೇವರೆಗೆ ಇನ್ನೊಂದು ಹದ. ಆಗ ಕಾಡಿನಲ್ಲಿ ಗುರಾಂಸ್ ಕೆಂಪಗೆ ಅರಳಿರುತ್ತದೆ, ಆದರೆ ಮಾರ್ಚ್‌ನಲ್ಲಿ ಕೊಳ ಇನ್ನೂ ಹೆಪ್ಪುಗಟ್ಟಿರಬಹುದು, ದಾರಿಯಲ್ಲಿ ಹಿಮ ಉಳಿದಿರಬಹುದು, ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಬೇಕಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಅನುಭವಿಗಳಿಗೆ ಮಾತ್ರ. ಆಗ ಕೊಳದ ಬಳಿಯ ಲಾಡ್ಜುಗಳ ಬಾಗಿಲೇ ಮುಚ್ಚಿರಬಹುದು.

ಚೀಲದೊಳಗೆ, ತಟ್ಟೆಯೊಳಗೆ

ಬೂಟು ಹೊಸದಾಗಿರಬಾರದು. ಎರಡು ತಿಂಗಳು ಮೊದಲೇ ಕೊಂಡು, ಮನೆಯ ಮೆಟ್ಟಿಲಿನಿಂದ ಸಾವನದುರ್ಗದವರೆಗೆ ಅದರಲ್ಲೇ ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ. ಹತ್ತಿ ಬನಿಯನ್ ಬೆವರಿದರೆ ಒಣಗುವುದಿಲ್ಲ, ಮೈಗೆ ಅಂಟುವ ಬಟ್ಟೆ ಸಿಂಥೆಟಿಕ್ ಅಥವಾ ಉಣ್ಣೆಯದಿರಲಿ. ದಪ್ಪ ಗರಿ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಕಾಠ್ಮಂಡುವಿನ ಠಮೇಲ್ ಬೀದಿಗಳಲ್ಲಿ ಬಾಡಿಗೆಗೆ ಸಿಗುತ್ತವೆ, ಒಂದು ವಾರದ ನಡಿಗೆಗೆ ಕೊಳ್ಳುವ ಅಗತ್ಯವಿಲ್ಲ. ಮಂಕಿ ಟೋಪಿ, ಕೈಗವಸು, ಒಳ್ಳೆಯ ತಂಪು ಕನ್ನಡಕ ಮರೆಯಬೇಡಿ. ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುತ್ತದೆ. ಎರಡು ಊರುಗೋಲು ಏರುವಾಗ ಅಲಂಕಾರ ಎನಿಸಿದರೂ ಇಳಿಯುವಾಗ ಮಂಡಿಯ ಭಾರದಲ್ಲಿ ಒಂದು ಪಾಲು ಹೊರುತ್ತವೆ. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಹೊತ್ತೊಯ್ಯಿರಿ, ಬಳಸಿದ್ದನ್ನೂ ಕಟ್ಟಿಕೊಂಡು ಕೆಳಗೆ ತನ್ನಿ. ಮೇಲೆ ಕಸ ಎತ್ತುವವರಿಲ್ಲ.

ರಾತ್ರಿ ಲಾಡ್ಜಿನಲ್ಲಿ ಬಾಟಲಿಗೆ ಬಿಸಿನೀರು ತುಂಬಿಸಿ, ಕಾಲುಚೀಲದೊಳಗೆ ತೂರಿಸಿ, ಸ್ಲೀಪಿಂಗ್ ಬ್ಯಾಗಿನ ಬುಡದಲ್ಲಿಟ್ಟುಕೊಳ್ಳಿ. ಪಾದ ಬೆಚ್ಚಗಿರುತ್ತದೆ, ಬೆಳಗ್ಗೆ ಕುಡಿಯಲು ನೀರೂ ಆಯಿತು. ಫೋನಿನ ಬ್ಯಾಟರಿಯೂ ನಿಮ್ಮ ಜೊತೆಗೇ ಹೊದಿಕೆಯೊಳಗೆ ಮಲಗಲಿ, ಚಳಿಗೆ ಅದು ಬೇಗ ಸಾಯುತ್ತದೆ. ಕೊಬ್ಬರಿ ಎಣ್ಣೆ ಕಲ್ಲಾಗುವುದರಿಂದ ತುಟಿಗೆ ವ್ಯಾಸಲೀನ್ ಒಯ್ಯಿರಿ.

ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿಲ್ಲ. ಎರಡು ಹೊತ್ತೂ ದಾಲ್ ಭಾತ್: ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಕೆಲವೊಮ್ಮೆ ಸೊಪ್ಪನ್ನು ಹುಳಿಬರಿಸಿ ಒಣಗಿಸಿದ ಗುಂದ್ರುಕ್. ಕೇಳಿದಷ್ಟು ಮತ್ತೆ ಬಡಿಸುತ್ತಾರೆ. ಪಿಜ್ಜಾ, ಪಾಸ್ತಾ ಎಂದು ಪಟ್ಟಿಯಲ್ಲಿ ಬರೆದಿದ್ದರೂ ಅವರು ಕೈಪಳಗಿ ಮಾಡುವುದನ್ನೇ ತಿನ್ನುವುದು ಹೊಟ್ಟೆಗೂ ಒಳ್ಳೆಯದು. ಎತ್ತರಕ್ಕೆ ಹೋದಂತೆ ನಾಲಿಗೆ ಸಪ್ಪೆಯಾಗುತ್ತದೆ, ಅನ್ನ ಕಂಡರೆ ಬೇಸರ ಬರುತ್ತದೆ. ಆಗ ಮನೆಯಿಂದ ತಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ಬಿಚ್ಚಿದರೆ ಪಕ್ಕದ ಮೇಜಿನ ವಿದೇಶಿಯರೂ ತಟ್ಟೆ ಚಾಚುತ್ತಾರೆ. ದಿನಕ್ಕೆ ಮೂರು ನಾಲ್ಕು ಲೀಟರ್ ನೀರು, ಸೂಪು, ಚಹಾ ಹೊಟ್ಟೆಗೆ ಹೋಗಬೇಕು. ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಮೇಲೆ ಚೌರಿ ಹಸು ಮೇಯುತ್ತಿರುತ್ತದೆ, ಕ್ಲೋರಿನ್ ಮಾತ್ರೆ ಹಾಕದೆ ಕುಡಿಯಬೇಡಿ. ಇನ್ನೊಂದು ಬರೆಯದ ನಿಯಮ: ಮಲಗಿದಲ್ಲೇ ಉಣ್ಣಬೇಕು. ಕೋಣೆಯ ಬಾಡಿಗೆ ಅಗ್ಗವಾಗಿರುವುದು ಊಟದ ಲೆಕ್ಕದ ಮೇಲೆ.

ದಂಡೆಯಲ್ಲಿ

ಕೊಳ ದೊಡ್ಡದಲ್ಲ, ಸುಮಾರು 14 ಹೆಕ್ಟೇರ್. ಸುತ್ತಲಿನ ಕುಂಡಗಳೊಡನೆ ಸೇರಿಸಿ 2007ರಲ್ಲಿ ಇದನ್ನು ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಘೋಷಿಸಲಾಯಿತು. ಬೆಟ್ಟದಲ್ಲಿ ಒಟ್ಟು 108 ಕುಂಡಗಳಿವೆ ಎಂದು ಭಕ್ತರ ಎಣಿಕೆ. ದಂಡೆಯಲ್ಲಿ ಪುಟ್ಟ ಶಿವನ ಗುಡಿ, ಗಂಟೆಗಳು. ನೀರೊಳಗೆ ಕಾಣುವ ಬಂಡೆಯನ್ನು ಮಲಗಿದ ಶಿವ ಎಂದು ತೋರಿಸುತ್ತಾರೆ. ಗಾಳಿ ನಿಂತ ಹೊತ್ತಿಗೆ ನೋಡಬೇಕು. ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆ, ಚೋರ್ತೆನ್ ಎಂಬ ಸ್ತೂಪಗಳನ್ನು ಬಲಕ್ಕೆ ಬಿಟ್ಟು ನಡೆಯುವುದು ಇಲ್ಲಿನ ರೂಢಿ, ಪ್ರದಕ್ಷಿಣೆ ಬಲ್ಲ ನಮಗೆ ಅದು ಹೊಸದೇನಲ್ಲ.

ಸ್ನಾನ ಮಾಡಬೇಕೆಂದಿದ್ದರೆ ನಸುಕಿನ ಮುಹೂರ್ತ ಬಿಡಿ. ಹತ್ತು ಗಂಟೆಯ ಬಿಸಿಲು ಬಂದ ಮೇಲೆ, ಒಣ ಬಟ್ಟೆ ಮತ್ತು ಬಿಸಿ ಚಹಾ ದಂಡೆಯಲ್ಲಿ ತಯಾರಿಟ್ಟು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಒಂದು ಮುಳುಗು ಹಾಕಿ ಎದ್ದುಬಿಡಿ. ಎರಡನೆಯದು ಅಹಂಕಾರದ್ದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ತಲೆನೋವಿರುವವರು ಪ್ರೋಕ್ಷಣೆಗೇ ತೃಪ್ತರಾಗಬೇಕು. ಸೋಪು, ಶಾಂಪೂ ನೀರಿಗೆ ಸೋಕಬಾರದು. ಹೂವಿನ ಜೊತೆ ಬರುವ ಪ್ಲಾಸ್ಟಿಕ್ ಚೀಲ ಶಿವನಿಗೆ ಬೇಕಾಗಿಲ್ಲ.

ಹಿಂದಿರುಗುವ ದಾರಿ ಎರಡು. ಬಂದ ದಾರಿಯಲ್ಲೇ ಚಂದನ್‌ಬಾರಿ, ಧುಂಚೆ ಎಂದು ಎರಡು ದಿನದಲ್ಲಿ ಇಳಿಯುವುದು ಒಂದು. ಇನ್ನೂ ನಾಲ್ಕೈದು ದಿನ ಇದ್ದವರು ಕಣಿವೆದಾರಿ ದಾಟಿ ಫೇದಿ, ಘೋಪ್ಟೆ, ಥಾಡೆಪಾಟಿ, ಕುಟುಮ್‌ಸಾಂಗ್, ಚಿಸಾಪಾನಿ ಹಾದು ಸುಂದರಿಜಲ್‌ಗೆ ಬರಬಹುದು. ಇದು ಇಳಿಜಾರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಳಿದಷ್ಟೂ ಮತ್ತೆ ಏರಬೇಕು. ಹಿಮ ಸುರಿದ ಮರುದಿನ ಆ ಕಡೆ ಹೆಜ್ಜೆಯಿಡುವ ಮಾತೇ ಬೇಡ.

ಲೌರಿಬಿನಾದಲ್ಲಿ ರಾತ್ರಿ ತಲೆ ಸಿಡಿದು, ಬೆಳಗ್ಗೆ ಗೈಡ್ ಕೈಹಿಡಿದು ಕೆಳಗಿಳಿಸಿಕೊಂಡು ಬಂದವರಿಗೆ ಕಾಠ್ಮಂಡು ಕಣಿವೆಯಲ್ಲಿ ಒಂದು ಏರ್ಪಾಡಿದೆ. ಪಾಟನ್‌ನಲ್ಲಿ ಕುಂಭೇಶ್ವರ ಎಂಬ ಐದು ಮಾಡಿನ ಶಿವನ ಗುಡಿ, 1392ರದ್ದು. ಅದರ ಅಂಗಳದ ಕೊಳಕ್ಕೆ ಗೋಸಾಯಿಕುಂಡದ ನೀರು ನೆಲದೊಳಗಿಂದ ಹರಿದುಬರುತ್ತದೆ ಎಂದು ಊರವರ ನಂಬಿಕೆ. ಜನೈ ಪೂರ್ಣಿಮೆಯಂದು ಬೆಟ್ಟ ಹತ್ತಲಾಗದ ಮುದುಕರು, ಬಸುರಿಯರು, ಮಕ್ಕಳೊಂದಿಗರು ಅಲ್ಲೇ ಸಾಲು ನಿಲ್ಲುತ್ತಾರೆ. ಠಮೇಲ್‌ನಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ದಾರಿ. ಬರುವಾಗ ಪಶುಪತಿನಾಥಕ್ಕೂ ಹೋಗಿ. ಅಲ್ಲಿ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ತಲೆತಲಾಂತರದಿಂದ ದಕ್ಷಿಣದವರು, ಈಚಿನವರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರು. ಸರದಿಯಲ್ಲಿ ಮುಂದೆ ಹೋದಾಗ ಕನ್ನಡದಲ್ಲಿ ಮಾತಾಡಿಸಿ ನೋಡಿ.